ಸದ್ಯಕ್ಕೆ ಬೀಗದಮ್ಮನ ಹೆಸರಿಗೆ

ನಮ್ಮ ಆಸ್ಪತ್ರೆಯಲ್ಲಿ ಅವರ ನಿಜವಾದ ಹೆಸರು ಗೊತ್ತಿದ್ದುದು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವರು ಬೀಗದಮ್ಮ. ಹಾಗೆಂದು ಅವರ ಸೊಂಟದಲ್ಲಿ ಕೀಲಿಗೊಂಚಲೇನೂ ಇರಲಿಲ್ಲ. ಒಂದು ನೀರಿನ ಬಾಟಲಿ, ಕನ್ನಡಕದ ಡಬ್ಬಿ, ಮೂಲೆ ಮಡಚಿಹೋದ ಒಂದು ನೋಟುಪುಸ್ತಕ, ಇಷ್ಟೇ ಅವರ ಮೇಜಿನ ಮೇಲಿದ್ದ ಆಸ್ತಿ. ದಾಖಲೆ ವಿಭಾಗದಲ್ಲಿ ಗುಮಾಸ್ತೆ. ನೆಲಮಾಳಿಗೆಯ ಆ ಕೋಣೆಗೆ ಕಿಟಕಿಯಿಲ್ಲ. ಹೊರಗೆ ಮಳೆಯೋ ಬಿಸಿಲೋ ಎಂಬುದು ಒಳಗೆ ಬಂದವರ ಚಪ್ಪಲಿ ನೋಡಿದರೆ ಗೊತ್ತಾಗುತ್ತಿತ್ತು. ತಲೆಯ ಮೇಲಿನ ಅಂತಸ್ತಿನಲ್ಲಿ ಸ್ಟ್ರೆಚರ್‌ಗಳ ಗಾಲಿ ಉರುಳುವ ಸದ್ದು ದಿನವಿಡೀ. ನಾನು ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಹಳೆಯ ರೋಗಿಗಳ ಕಡತಗಳನ್ನು ದಾರ ಹಾಕಿ ಹೊಲಿಯುವವಳು. ಕೈಗೆ ಕೆಲಸ, ಕಿವಿಗೆ ಬಿಡುವು. ಹಾಗಾಗಿ ಹದಿನಾಲ್ಕು ವರ್ಷ ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ.

ಬೀಗದಮ್ಮ ಎಂಬ ಹೆಸರು ಬಂದದ್ದು ಒಂದು ಫೋನ್ ಕರೆಯಿಂದ.

ನಮ್ಮದು ನಾಲ್ಕು ಊರುಗಳಲ್ಲಿ ಶಾಖೆಗಳಿರುವ ಆಸ್ಪತ್ರೆ. ಹೊರಗಿನವರಿಗೆ ಕಾಣದ, ಸಿಬ್ಬಂದಿಯ ಕಂಪ್ಯೂಟರುಗಳಲ್ಲಷ್ಟೇ ತೆರೆಯುವ ಒಳಜಾಲ ಒಂದಿದೆ. ಹತ್ತು ವರ್ಷದ ಹಿಂದೆ ಯಾರೋ ಮೇಲಿನವರು ‘ಪ್ರತಿ ವಿಭಾಗವೂ ತನ್ನದೊಂದು ತಾಣ ಮಾಡಿಕೊಳ್ಳಲಿ’ ಎಂದುಬಿಟ್ಟರು. ನಾಯಿಕೊಡೆ ಎದ್ದ ಹಾಗೆ ತಾಣಗಳು ಎದ್ದವು. ನರ್ಸುಗಳ ಪಾಳಿಯ ಪಟ್ಟಿ ಎರಡು ಕಡೆ, ಔಷಧದ ಪಟ್ಟಿ ಐದು ಕಡೆ. ರಕ್ತನಿಧಿಯ ಫೋನ್ ನಂಬರು ಮೂರು ತಾಣಗಳಲ್ಲಿ ಮೂರು ಬಗೆ. ಒಂದು ಮಧ್ಯಾಹ್ನ ಹೆರಿಗೆ ವಾರ್ಡಿನಲ್ಲಿ ಒಬ್ಬ ತಾಯಿಗೆ ರಕ್ತಸ್ರಾವ ನಿಲ್ಲಲಿಲ್ಲ. ನರ್ಸ್ ಮೊದಲು ಸಿಕ್ಕ ನಂಬರಿಗೆ ಕರೆ ಮಾಡಿದಳು. ಅದು ಕೆಲಸ ಬಿಟ್ಟು ಹೋಗಿ ವರ್ಷವಾಗಿದ್ದ ಒಬ್ಬರ ಖಾಲಿ ಮೇಜಿನ ಮೇಲೆ ಬಡಿದುಕೊಂಡೇ ಬಡಿದುಕೊಂಡಿತು. ಸರಿಯಾದ ನಂಬರು ಸಿಗುವಷ್ಟರಲ್ಲಿ ಇಪ್ಪತ್ತು ನಿಮಿಷ. ತಾಯಿ ಉಳಿದಳು, ದೇವರು ದೊಡ್ಡವನು. ಆದರೆ ಆ ಇಪ್ಪತ್ತು ನಿಮಿಷ ಯಾರ ತಪ್ಪು ಎಂದು ಕೇಳಿದಾಗ ಆಸ್ಪತ್ರೆಗೆ ಆಸ್ಪತ್ರೆಯೇ ಬಾಯಿ ಮುಚ್ಚಿಕೊಂಡಿತು. ಆ ತಾಣ ಯಾರದೆಂದೇ ಯಾರಿಗೂ ಗೊತ್ತಿರಲಿಲ್ಲ.

ಯಾವ ಕಡತ ಯಾವ ಕಪಾಟಿನ ಯಾವ ಸಾಲಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವ ಗುಮಾಸ್ತೆ ಒಬ್ಬರಿದ್ದಾರೆ ಎಂದು ಯಾರೋ ನಿರ್ದೇಶಕರಿಗೆ ಹೇಳಿದರು. ಇವರನ್ನು ಕರೆಸಿದರು.

ನಾಲ್ಕು ತಿಂಗಳು ಕೆಲಸ ನಡೆಯಿತು. ನಮ್ಮ ಕೋಣೆಯ ಗೋಡೆಗೆ ದೊಡ್ಡ ಕಾಗದ ಅಂಟಿಸಿ, ಒಂದೊಂದು ತಾಣಕ್ಕೂ ಒಂದೊಂದು ಚೀಟಿ ಬರೆದು, ಅಂಟಿಸುತ್ತ ಕೀಳುತ್ತ ಇದ್ದರು. ನನಗೆ ಅರ್ಥವಾಗಲಿ ಎಂದು ಮನೆಯ ಹಾಗೆ ಹೇಳಿದರು: “ನಡುವೆ ಒಂದು ನಡುಮನೆ. ಅದರ ಸುತ್ತ ಕೋಣೆಗಳು. ಯಾರೇ ಬಂದರೂ ನಡುಮನೆಗೆ ಬಂದು, ಅಲ್ಲಿಂದ ಕೋಣೆಗೆ ಹೋಗ್ಬೇಕು. ಒಂದು ವಸ್ತು ಒಂದೇ ಕೋಣೇಲಿ. ಬೇರೆ ಕೋಣೆಯವರಿಗೆ ಬೇಕಿದ್ರೆ ದಾರಿ ತೋರಿಸ್ಲಿ, ನಕಲು ಇಟ್ಕೊಳ್ಳೋ ಹಾಗಿಲ್ಲ.” ನನಗೆ ಹೇಳಿದ ಈ ಮಾತನ್ನೇ ಅವರು ಸಭೆಯಲ್ಲೂ ಹೇಳಿದರು. ಅಂದಿನಿಂದ ಇಡೀ ಆಸ್ಪತ್ರೆಗೆ ಒಳಜಾಲದ ಮೊದಲ ಪುಟ ನಡುಮನೆಯಾಯಿತು, ತಾಣಗಳು ಕೋಣೆಗಳಾದವು.

ನಿಯಮಗಳನ್ನೂ ಅವರೇ ಬರೆದರು. ಪ್ರತಿ ಕೋಣೆಗೂ ಒಬ್ಬ ಹೊಣೆಗಾರರು ಇರಬೇಕು. ಕೋಣೆಯ ಹೆಸರು ಒಂದೇ ರೀತಿ ಇರಬೇಕು, ಮೊದಲು ವಿಭಾಗ, ಆಮೇಲೆ ವಿಷಯ. ತೊಂಬತ್ತು ದಿನ ಯಾರೂ ತೆರೆಯದ ಕೋಣೆಯನ್ನು ಮುಚ್ಚಬಹುದು, ಯಾರಾದರೂ ತೆರೆಯುತ್ತಿದ್ದರೆ ಮುಚ್ಚುವ ಹಾಗಿಲ್ಲ. ಕೊನೆಯದನ್ನು ಆ ತಾಯಿಯನ್ನು ನೆನೆದೇ ಬರೆದರು: ತನ್ನ ಹೆಸರಿನಲ್ಲಿರುವ ಕೋಣೆಗಳನ್ನು ಬೇರೊಬ್ಬರಿಗೆ ಒಪ್ಪಿಸದೆ ಯಾರಿಗೂ ಬಿಡುಗಡೆ ಪತ್ರ ಸಿಗದು. ವರ್ಗವಾಗಲಿ, ನಿವೃತ್ತಿಯಾಗಲಿ, ಕೆಲಸವನ್ನೇ ಬಿಡಲಿ.

“ಕೋಣೆ ನಮ್ದು, ಬೀಗ ನಿಮ್ದು” ಎಂದರು ಪ್ರಯೋಗಾಲಯದ ಮುಖ್ಯಸ್ಥರು, ಸಭೆ ಮುಗಿಸಿ ಏಳುತ್ತ. “ಹೆಣ್ಣು ಕೊಡ್ಲಿಲ್ಲ, ಗಂಡು ತರ್ಲಿಲ್ಲ, ಆಗ್ಲೇ ಬೀಗಿತ್ತಿ ಆಗ್ಬಿಟ್ರಲ್ಲ!”

ಎಲ್ಲರೂ ನಕ್ಕರು. ಹೆಸರು ಅಂಟಿಕೊಂಡಿತು.

ನಂಬರುಗಳು ಸರಿಹೋದವು. ಪಾಳಿಯ ಪಟ್ಟಿ ಒಂದೇ ಆಯಿತು. ಆದರೆ ಮನುಷ್ಯರು ಕೆಲಸ ಬಿಟ್ಟು ಹೋಗುವುದು ನಿಲ್ಲುತ್ತದೆಯೇ? ಹೋಗುವವರಿಗೆ ಯಾವಾಗಲೂ ಅವಸರ. ಸಂಜೆಯ ಬಸ್ಸಿಗೆ ಟಿಕೆಟ್ ಆಗಿರುತ್ತದೆ, ಸಾಮಾನು ಕಟ್ಟಿರುತ್ತದೆ. ಅರ್ಜಿಯಲ್ಲಿ ‘ಯಾರಿಗೆ ಒಪ್ಪಿಸಲಾಗಿದೆ’ ಎಂಬ ಒಂದು ಗೆರೆ ಖಾಲಿ. ಮೆಟ್ಟಿಲಿಳಿದು ನಮ್ಮ ಕೋಣೆಗೆ ಬರುತ್ತಿದ್ದರು.

“ಮೇಡಂ, ಸದ್ಯಕ್ಕೆ ನಿಮ್ಮ ಹೆಸರು ಹಾಕ್ಲಾ? ಹೊಸಬ್ರು ಬಂದ್ಮೇಲೆ ಬದಲಾಯಿಸ್ಕೊಳ್ಳಿ.”

ಬೀಗದಮ್ಮನಿಗೆ ‘ಇಲ್ಲ’ ಎನ್ನಲು ಬರುತ್ತಿರಲಿಲ್ಲ. ಸದ್ಯಕ್ಕೆ ತಾನೇ? ಎನ್ನುತ್ತಿದ್ದರು, ಹಾಕಿಸಿಕೊಳ್ಳುತ್ತಿದ್ದರು. ಹೊಸಬರು ಬರುತ್ತಿದ್ದರು, ಕೋಣೆ ಯಾರ ಹೆಸರಿನಲ್ಲಿದೆ ಎಂದು ನೋಡುತ್ತಿದ್ದರು, ‘ಓ, ಅವರು ನೋಡಿಕೊಳ್ಳುತ್ತಾರೆ’ ಎಂದು ಸುಮ್ಮನಾಗುತ್ತಿದ್ದರು. ನೂರ ಹನ್ನೆರಡು ಕೋಣೆಗಳಲ್ಲಿ ನಲವತ್ತೊಂದು ಹೀಗೆ ಸದ್ಯಕ್ಕೆ ಅವರ ಹೆಸರಿಗೆ ಬಂದು, ಅಲ್ಲೇ ಬೇರುಬಿಟ್ಟವು. ಬೆಳಗ್ಗೆ ಬಂದು ಕುಳಿತರೆ ಲಾಂಡ್ರಿಯ ಪಟ್ಟಿ ತಪ್ಪಾಗಿದೆ ಎಂದು ಒಂದು ಪತ್ರ, ವಾಹನ ನಿಲ್ಲಿಸುವ ಜಾಗದ ನಕ್ಷೆ ಹಳೆಯದು ಎಂದು ಇನ್ನೊಂದು. ಊಟದ ಡಬ್ಬಿ ತೆರೆದಿಟ್ಟುಕೊಂಡು ಉತ್ತರ ಬರೆಯುತ್ತಿದ್ದರು. ರಜೆ ಹಾಕಿದರೆ ಮರುದಿನ ಎರಡರಷ್ಟು. ಆಮೇಲಾಮೇಲೆ ರಜೆಯನ್ನೇ ಬಿಟ್ಟರು.

ಅವರ ಅಕ್ಕನ ವಿಷಯ ಬಂದದ್ದು ಆಗ.

ತಾಯಿ ತಂದೆ ಇಬ್ಬರೂ ಬೇಗ ಹೋದ ಮೇಲೆ ಇವರನ್ನು ಸಾಕಿದ್ದು ಅಕ್ಕ. ಇವರಿಗಿಂತ ಹನ್ನೊಂದು ವರ್ಷ ದೊಡ್ಡವರು. ಹೊಲಿಗೆ ಮಾಡಿ ಓದಿಸಿದರು. ಇವರಿಗೆ ಅವರು, ಅವರಿಗೆ ಇವರು, ಮೂರನೆಯವರಿಲ್ಲ. ನಮ್ಮ ಆಸ್ಪತ್ರೆಯ ದೂರದ ಶಾಖೆ ಇರುವ ಊರಿನಲ್ಲೇ ಆ ಅಕ್ಕನ ಮನೆ. ಕಣ್ಣಿನ ನರ ಸೊರಗುತ್ತ ಬಂದಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಬರುತ್ತಿತ್ತು, ಬೀಗದಮ್ಮ ಅದನ್ನು ಜೋರಾಗಿ ಕೇಳುವಂತೆ ಮೇಜಿನ ಮೇಲಿಟ್ಟು ತುತ್ತು ಕಲಸುತ್ತಿದ್ದರು.

“ಏನೇ, ಊಟ ಆಯ್ತಾ?”

“ಮಾಡ್ತಾ ಇದೀನಿ ಅಕ್ಕಾ. ಡಾಕ್ಟರು ಏನಂದ್ರು?”

“ಈ ವರ್ಷ ನಡೆಯುತ್ತೆ ಅಂದ್ರು. ವರ್ಷ ಅಂದ್ರೆ ಯಾವ ತಿಂಗಳಿಂದ ಯಾವ ತಿಂಗಳಿಗೆ ಅಂತ ನಾನು ಕೇಳ್ಲಿಲ್ಲ.” ಆ ಕಡೆ ನಗು. “ಸೂಜಿಗೆ ದಾರ ಪೋಣಿಸೋಕೆ ಪಕ್ಕದ ಮನೆಯವಳನ್ನ ಕರೀತೀನಿ. ಅವಳೂ ಬಂದೂ ಬಂದೂ ಬೇಸತ್ತಿದಾಳೆ. ಒಲೆ ಹಚ್ಚೋವಾಗ ನಿನ್ನೆ ಬೆರಳು ಸುಟ್ಕೊಂಡೆ, ಅಷ್ಟೇ.”

“ಅಷ್ಟೇ ಅಂತೀಯಲ್ಲ!”

“ಮತ್ತೆ ಎಷ್ಟು ಅನ್ಲಿ? ನೋಡು, ಬರೋದಾದ್ರೆ ನಿನ್ನ ಮುಖ ಕಾಣ್ತಿರೋವಾಗ್ಲೇ ಬಾ. ಆಮೇಲೆ ಬಂದ್ರೆ ಧ್ವನಿ ಕೇಳ್ಕೊಂಡಿರ್ಬೇಕು. ಅದು ಫೋನಲ್ಲೇ ಕೇಳುತ್ತೆ.”

ಬೀಗದಮ್ಮ ವರ್ಗಾವಣೆಗೆ ಅರ್ಜಿ ಹಾಕಿದರು. ಆದೇಶ ಬೇಗನೇ ಬಂತು. ಅಲ್ಲಿನ ದಾಖಲೆ ವಿಭಾಗದಲ್ಲಿ ಒಂದು ಜಾಗ ಖಾಲಿಯಿತ್ತು. ಐದು ವಾರದೊಳಗೆ, ತಿಂಗಳ ಕೊನೆಯ ದಿನಕ್ಕೆ ಇಲ್ಲಿಂದ ಬಿಡುಗಡೆಯಾಗಬೇಕು. ಆಗದಿದ್ದರೆ ಆ ಜಾಗ ಸಾಲಿನಲ್ಲಿರುವ ಮುಂದಿನವರಿಗೆ. ಕಾಗದ ಹಿಡಿದುಕೊಂಡು ಅವರು ಗಣಕ ವಿಭಾಗದ ಮೇಲ್ವಿಚಾರಕರ ಬಳಿ ಹೋದಾಗ ನಾನೂ ಜೊತೆಗಿದ್ದೆ. ಆ ಮನುಷ್ಯ ಕೆಟ್ಟವರಲ್ಲ. ಗೆರೆ ಎಳೆದರೆ ಗೆರೆಯ ಮೇಲೇ ನಡೆಯುವ ಜಾತಿ.

“ನಿಮ್ಮ ಹೆಸರಲ್ಲಿ ನಲವತ್ತೊಂದು ಇದಾವೆ ಮೇಡಂ.”

“ಅವು ನನ್ನವಲ್ಲ, ಗೊತ್ತಲ್ಲ ನಿಮಗೆ. ಸದ್ಯಕ್ಕೆ ಅಂತ ಹಾಕಿದ್ದು.”

“ಸದ್ಯಕ್ಕೆ ಅನ್ನೋದಕ್ಕೆ ಇದರಲ್ಲಿ ಜಾಗ ಇಲ್ಲ.” ಅವರಿಗೂ ಮುಜುಗರವಾಗಿತ್ತು. “ನಾನೇನ್ಮಾಡ್ಲಿ ಹೇಳಿ? ನಿಯಮ ನಿಮ್ದೇ ಅಲ್ವಾ?”

ವಾಪಸು ನಾನೂ ಬೀಗದಮ್ಮನೂ ಲಿಫ್ಟಿನಲ್ಲಿ ನೆಲಮಾಳಿಗೆಗೆ ಇಳಿದೆವು. ಬಾಗಿಲು ತೆರೆಯಿತು, ಅವರು ಹೊರಗೆ ಬರಲಿಲ್ಲ. ಬಾಗಿಲು ಮತ್ತೆ ಮುಚ್ಚುವುದರೊಳಗೆ ನಾನೇ ಕೈಹಿಡಿದು ಎಳೆದೆ.

ಮರುದಿನದಿಂದ ಪಟ್ಟಿ ಹಿಡಿದು ವಿಭಾಗ ವಿಭಾಗ ಸುತ್ತಿದರು. ಲಾಂಡ್ರಿಯ ಮೇಲ್ವಿಚಾರಕ ಹಬೆಯಾಡುವ ಚಾದರಗಳ ನಡುವೆ ನಿಂತು, ಪಟ್ಟಿಯನ್ನು ದೂರ ಹಿಡಿದು ಓದಿದರು.

“ಹೊಣೆಗಾರರು ಅಂತಿದೆ.”

“ಹೌದಣ್ಣ. ವಾರಕ್ಕೊಂದ್ಸಲ ನೋಡಿ, ತಪ್ಪಿದ್ರೆ ತಿದ್ದೋದು, ಅಷ್ಟೇ ಕೆಲಸ.”

“ಕೆಲಸ ಮಾಡ್ತೀನಮ್ಮ. ಹೊಣೆ ಮಾತ್ರ ಬೇಡ. ನಾಳೆ ಹೆಚ್ಚುಕಮ್ಮಿ ಆದ್ರೆ ‘ಹೊಣೆಗಾರರು ಯಾರು’ ಅಂತ ಕೇಳ್ತಾರೆ, ನನ್ನ ಕುತ್ತಿಗೆಗೆ ಬರುತ್ತೆ. ನಿಮಗಾದ್ರೆ ಅಭ್ಯಾಸ ಇದೆ.”

ಮುಖ್ಯ ನರ್ಸ್ ಇನ್ನೂ ನೇರ. “ನಲವತ್ತು ಮಂಚದ ಹೊಣೆ ನನ್ನ ತಲೆ ಮೇಲಿದೆ. ಇನ್ನೊಂದು ಹೊಣೆ ಅಂದ್ರೆ ನಾನೇ ಒಂದು ಮಂಚ ಹಿಡಿದು ಮಲಗ್ತೀನಿ ನೋಡಿ.” ಪ್ರಯೋಗಾಲಯದ ಮುಖ್ಯಸ್ಥರು, ಹೆಸರಿಟ್ಟವರು, “ಬೀಗಿತ್ತಿ ಮನೆ ಬಿಟ್ಟು ಹೋಗೋದುಂಟೇ?” ಎಂದು ನಗಿಸಿ ಕಳಿಸಿದರು. ಎಲ್ಲರೂ ಪ್ರೀತಿಯಿಂದಲೇ ಮಾತನಾಡಿಸುತ್ತಿದ್ದರು, ಚಹಾ ತರಿಸುತ್ತಿದ್ದರು, ಅಕ್ಕನ ಕಣ್ಣು ಹೇಗಿದೆ ಎಂದು ವಿಚಾರಿಸುತ್ತಿದ್ದರು. ಸಹಿ ಮಾತ್ರ ಹಾಕುತ್ತಿರಲಿಲ್ಲ. ಎರಡು ವಾರದಲ್ಲಿ ಬೇರೆಯವರ ಹೆಸರಿಗೆ ಹೋದದ್ದು ಮೂರೇ ಕೋಣೆ. ಅಷ್ಟರಲ್ಲಿ ಕಣ್ಣಿನ ವಿಭಾಗದವರೊಬ್ಬರು ಕೆಲಸ ಬಿಡುತ್ತ ಮೆಟ್ಟಿಲಿಳಿದು ಬಂದರು. “ಮೇಡಂ, ಸದ್ಯಕ್ಕೆ...” ಎಂದು ಬಾಯಿ ತೆರೆದರು. ಬೀಗದಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡದ್ದು ನೋಡಿ ಅವರು ಹಾಗೇ ಹಿಂದಕ್ಕೆ ಹೋದರು.

“ಸಿಮೆಂಟು ನಾನೇ ಕಲಸಿದ್ದು ಕಣಮ್ಮ” ಎಂದರು ನನಗೆ. “ಇಟ್ಟಿಗೆ ನಾನೇ ಇಟ್ಟಿದ್ದು. ಬಾಗಿಲು ಇಡೋದು ಮರೆತು ಒಳಗೇ ನಿಂತ್ಬಿಟ್ಟೆ.”

ಆ ದಿನಗಳಲ್ಲಿ ನನ್ನ ಮನಸ್ಸಿನ ಯಾವುದೋ ಮೂಲೆ ಅವರು ಹೋಗದಿದ್ದರೆ ಒಳ್ಳೆಯದು ಎನ್ನುತ್ತಿತ್ತು. ಕಿಟಕಿಯಿಲ್ಲದ ಕೋಣೆಯಲ್ಲಿ ಮಾತಿಗೆ ಅವರೊಬ್ಬರೇ. ಪ್ರಾರ್ಥನೆಗೆ ಕುಳಿತಾಗ ಅದನ್ನೂ ದೇವರೆದುರು ಒಪ್ಪಿಕೊಂಡಿದ್ದೇನೆ.

ಗಣಕ ವಿಭಾಗದ ಮೇಲ್ವಿಚಾರಕರೇ ಒಂದು ದಿನ ಕೆಳಗೆ ಬಂದು, ಬಾಗಿಲು ಸರಿಸಿ, ಮೆಲ್ಲಗೆ ಹೇಳಿದರು: “ಮೇಡಂ, ನಿಯಮದ ಪುಟವೂ ನಿಮ್ಮ ಹೆಸರಲ್ಲೇ ಇದೆ. ತಿದ್ದೋ ಅಧಿಕಾರ ನಿಮಗಿದೆ. ಆ ಒಂದು ಸಾಲು ಅಳಿಸಿದ್ರೆ ಮುಗೀತು. ನಾನು ನೋಡಿಲ್ಲ ಅಂದ್ಕೊಳ್ಳಿ.”

ಅವರು ಹೋದ ಮೇಲೆ ಬೀಗದಮ್ಮ ಆ ಪುಟ ತೆರೆದರು. ಕೊನೆಯ ಸಾಲಿನ ತುದಿಯಲ್ಲಿ ಸಣ್ಣ ಕಡ್ಡಿ ಮಿನುಗುತ್ತಿತ್ತು. ನಾನು ಎರಡು ಕಡತ ಹೊಲಿದು ಮುಗಿಸುವಷ್ಟು ಹೊತ್ತು ಅವರು ಅದನ್ನೇ ನೋಡುತ್ತಿದ್ದರು. ಆಮೇಲೆ ಮುಚ್ಚಿದರು.

“ಯಾಕೆ?” ಎಂದೆ.

“ಆ ಸಾಲಿನ ಹಿಂದೆ ಒಬ್ಬಳು ತಾಯಿ ಮಲಗಿದಾಳೆ. ಅವಳನ್ನ ತುಳ್ಕೊಂಡು ಅಕ್ಕನ ಮನೆಗೆ ಹೇಗೆ ಹೋಗ್ಲಿ?”

ಸ್ವಲ್ಪ ಹೊತ್ತಿನ ಮೇಲೆ ತಮ್ಮಷ್ಟಕ್ಕೇ ಅಂದರು: “ಕೆಲಸ ಮಾಡ್ತೀನಿ, ಹೊಣೆ ಬೇಡ ಅಂದ್ರು ಆ ಲಾಂಡ್ರಿಯಣ್ಣ.” ಮತ್ತೊಮ್ಮೆ ಅದನ್ನೇ ಅಂದರು. ಎದ್ದು ನಿರ್ದೇಶಕರ ಕೋಣೆಗೆ ಹೋದರು.

ಅವರು ಕೇಳಿದ್ದು ಇಷ್ಟೇ. ಕೆಲಸಗಳ ಪಟ್ಟಿಯಲ್ಲಿ ಒಂದಕ್ಷರ ಬದಲಾಗುವುದು ಬೇಡ. ಮೇಲಿನ ತಲೆಬರಹದಲ್ಲಿ ‘ಹೊಣೆಗಾರರು’ ಎಂಬುದನ್ನು ತೆಗೆದು ‘ಒಡೆಯರು’ ಎಂದು ಹಾಕಬಹುದೇ? ನಿರ್ದೇಶಕರು ಕನ್ನಡಕದ ಮೇಲಿಂದ ನೋಡಿ, ನಕ್ಕು, ಹಾಕಿ ಎಂದರಂತೆ. ಅಂದೇ ಎಲ್ಲ ವಿಭಾಗಗಳಿಗೂ ಸುತ್ತೋಲೆ ಹೋಯಿತು: ಈ ಕೆಳಗಿನ ಮೂವತ್ತೆಂಟು ಕೋಣೆಗಳಿಗೆ ಒಡೆಯರನ್ನು ಗುರುತಿಸಬೇಕಾಗಿದೆ.

ಎರಡೇ ದಿನಕ್ಕೆ ಲಾಂಡ್ರಿಯ ಮೇಲ್ವಿಚಾರಕ ತಾವೇ ಇಳಿದು ಬಂದರು. “ಅಲ್ಲಮ್ಮ, ನಮ್ಮ ಕೋಣೆಗೆ ಬೇರೆ ಯಾರನ್ನೋ ಒಡೆಯರು ಮಾಡ್ತಾರಂತೆ? ಇಪ್ಪತ್ತು ವರ್ಷದಿಂದ ಚಾದರ ಒಗೆಸ್ತಿರೋನು ನಾನು!” ಸಹಿ ಹಾಕಿ, ಅದರ ಪ್ರತಿಯನ್ನು ತಮ್ಮ ಬಾಗಿಲಿಗೆ ಅಂಟಿಸಿಕೊಂಡರು. ಮುಖ್ಯ ನರ್ಸ್ ಮೂರು ಕೋಣೆ ತೆಗೆದುಕೊಂಡರು. ವಾಹನ ನಿಲ್ಲಿಸುವ ಜಾಗದ ಕೋಣೆಗೆ ಇಬ್ಬರು ವೈದ್ಯರು ಪಟ್ಟುಹಿಡಿದರು, ಕೊನೆಗೆ ಹಿರಿತನ ನೋಡಿ ಒಬ್ಬರಿಗೆ ಕೊಡಬೇಕಾಯಿತು. ನಿಯಮಗಳ ಪುಟವನ್ನು ನಿರ್ದೇಶಕರ ಕಚೇರಿ ಇಟ್ಟುಕೊಂಡಿತು. ತಿಂಗಳು ಮುಗಿಯಲು ನಾಲ್ಕು ದಿನವಿರುವಾಗ ಬೀಗದಮ್ಮನ ಹೆಸರಿನಲ್ಲಿ ಉಳಿದದ್ದು ಒಂದೇ ಒಂದು: ‘ಎಕ್ಸ್‌ರೇ–ಇತರೆ’.

ಎಕ್ಸ್‌ರೇ ವಿಭಾಗದವರು ಅದು ತಮ್ಮದಲ್ಲ ಎಂದರು. ನಿವೃತ್ತರಾದ ಒಬ್ಬ ಟೆಕ್ನಿಷಿಯನ್ ಏನೋ ಸ್ವಂತಕ್ಕೆ ಮಾಡಿಕೊಂಡಿದ್ದರು, ಹೋಗುವ ದಿನ ಸದ್ಯಕ್ಕೆ ಇವರ ಹೆಸರಿಗೆ ಹಾಕಿದ್ದರು, ಅದರ ತಲೆಬುಡ ನಮಗೆ ತಿಳಿಯದು, ಮುಚ್ಚಿಬಿಡಿ ಎಂದರು. ಮೂರು ವರ್ಷದಿಂದ ಅದರಲ್ಲಿ ಯಾರೂ ಏನೂ ಬರೆದಿರಲಿಲ್ಲ. ಮುಚ್ಚುವುದಕ್ಕೆ ಬೀಗದಮ್ಮನಿಗೂ ಅಡ್ಡಿಯಿರಲಿಲ್ಲ. ಆದರೆ ಎಷ್ಟು ಜನ ತೆರೆದಿದ್ದಾರೆ ಎಂಬ ಪಟ್ಟಿ ನೋಡಿದರೆ, ನಿನ್ನೆ ಒಬ್ಬರು, ಮೊನ್ನೆ ಒಬ್ಬರು, ಅದರ ಹಿಂದಿನ ದಿನವೂ ಒಬ್ಬರು. ಯಾರೆಂದು ಪಟ್ಟಿ ಹೇಳುವುದಿಲ್ಲ.

ತಾವೇ ಎಲ್ಲಾದರೂ ತಪ್ಪಿ ತೆರೆದಿರಬಹುದೇ ಎಂದುಕೊಂಡು ಅದರ ಹತ್ತಿರವೂ ಸುಳಿಯಲಿಲ್ಲ. ತೆರೆದು ನೋಡೋಣವೆಂದರೆ ಅದೂ ಒಂದು ಭೇಟಿಯಾಗಿ ಸೇರುತ್ತದೆ. ಮರುದಿನ ನೋಡಿದರೆ ಮತ್ತೆ ‘ಒಂದು’.

“ಇತರೆಯೊಳಗೆ ಯಾವ ದೆವ್ವ ಕೂತಿದೆಯೋ” ಎಂದರು. ಅಕ್ಕನಿಗೆ ಫೋನಿನಲ್ಲಿ, “ಒಂದೇ ಒಂದು ಉಳಿದಿದೆ ಅಕ್ಕಾ” ಎಂದರು. ಆ ಕಡೆಯಿಂದ, “ಒಂದು ಕೂದಲೆಳೆಗೆ ಕಟ್ಟಿದ್ರೂ ಕಟ್ಟಿದ್ದೇ ಅಲ್ವೇನೇ” ಎಂದು ಬಂತು. ಅಂದು ಅಕ್ಕ ನಗಲಿಲ್ಲ. ಇವರು ಡಬ್ಬಿಯ ಮುಚ್ಚಳ ಹಾಕಿಬಿಟ್ಟರು.

ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ಗಣಕ ವಿಭಾಗದ ಮೇಲ್ವಿಚಾರಕರು ಒಂದು ಚೀಟಿ ಹಿಡಿದು ಇಳಿದು ಬಂದರು. ಯಾವ ಕಂಪ್ಯೂಟರಿನಿಂದ ತೆರೆಯುತ್ತಿದ್ದಾರೆಂದು ಹುಡುಕಿಸಿದ್ದರು. “ಇದು ನಿಮ್ಮ ಕೋಣೆಯದ್ದೇ ತೋರಿಸ್ತಿದೆ” ಎನ್ನುತ್ತ ಒಂದೊಂದು ಯಂತ್ರದ ಪಕ್ಕಕ್ಕೂ ಬಗ್ಗಿ, ಅಂಟಿಸಿದ್ದ ನಂಬರನ್ನು ಚೀಟಿಗೆ ಹೋಲಿಸಿ ನೋಡಿದರು. ಬೀಗದಮ್ಮನದಲ್ಲ. ಪಕ್ಕದ್ದಲ್ಲ. ಕೊನೆಗೆ ನನ್ನ ಹೊಲಿಗೆಯ ಮೇಜಿನ ತುದಿಯಲ್ಲಿದ್ದ ಹಳೆಯ ಕಂಪ್ಯೂಟರಿನ ಮುಂದೆ ಬಗ್ಗಿದವರು ‘ಇದೇ’ ಎಂದರು.

ಇಬ್ಬರೂ ನನ್ನನ್ನು ನೋಡಿದರು.

“ಅದರಲ್ಲಿ ನಾನು ಏನೂ ಮಾಡಲ್ಲ” ಎಂದೆ. “ಬೆಳಗ್ಗೆ ಬಂದು ‘ಬೆಳಗಿನ ಮಾತು’ ಓದ್ತೀನಿ, ಅಷ್ಟೇ.”

“ಯಾವ ಬೆಳಗಿನ ಮಾತು?”

ತೆರೆದು ತೋರಿಸಿದೆ. ಆ ಎಕ್ಸ್‌ರೇಯ ಹಿರಿಯರು ಇದ್ದಾಗ ದಿನಕ್ಕೊಂದು ಸಾಲು ಬರೆಯುತ್ತಿದ್ದರು. ಅದನ್ನು ತೆರೆಯುವ ದಾರಿಯನ್ನು ನನ್ನ ಯಂತ್ರದ ಮೇಲೆ ಅವರೇ ಗುರುತು ಮಾಡಿಕೊಟ್ಟಿದ್ದರು. ಶಾಲೆಗೆ ಹೋಗದ ನಾನು ಪರದೆಯ ಮೇಲೆ ಓದಲು ಕಲಿತದ್ದೇ ಆ ಸಾಲುಗಳಿಂದ. ನಾನೂರಕ್ಕೂ ಹೆಚ್ಚಿವೆ. ಮುಗಿದ ಮೇಲೆ ಮತ್ತೆ ಮೊದಲಿನಿಂದ, ದಿನಕ್ಕೊಂದು. ನನಗೆ ಅದು ‘ಬೆಳಗಿನ ಮಾತು’. ಪಟ್ಟಿಯಲ್ಲಿ ಅದು ‘ಎಕ್ಸ್‌ರೇ–ಇತರೆ’. ಮೊದಲು ವಿಭಾಗ, ಆಮೇಲೆ ವಿಷಯ ಎಂಬ ನಿಯಮದ ಪ್ರಕಾರ ಒಳಗೇನಿದೆಯೆಂದು ಓದದೆ ಅದಕ್ಕೆ ಆ ಹೆಸರು ಇಟ್ಟದ್ದು ಬೀಗದಮ್ಮನೇ. ವರ್ಷಗಟ್ಟಲೆ ನಾವಿಬ್ಬರೂ ಮೂರು ಮಾರು ದೂರದಲ್ಲಿ ಕುಳಿತು ಒಂದೇ ಕೋಣೆಯನ್ನು ಎರಡು ಹೆಸರಿನಿಂದ ಕರೆಯುತ್ತಿದ್ದೆವು.

ಅಂದಿನ ಸಾಲನ್ನು ಬೀಗದಮ್ಮ ಬಗ್ಗಿ, ಬಾಯಿಬಿಟ್ಟು ಓದಿದರು: “ಇಂದು ನಿಮ್ಮ ಮುಂದೆ ಬಂದು ನಿಲ್ಲುವವರು ಬಹಳ ಹೊತ್ತಿನಿಂದ ಕಾಯುತ್ತಿರಬಹುದು, ಮೊದಲು ಕೂರಲು ಹೇಳಿ.” ಓದಿ ಅಲ್ಲೇ ನನ್ನ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ನಗುವೋ ಅಳುವೋ ಗೊತ್ತಾಗಲಿಲ್ಲ.

“ಮುಚ್ಚಿಬಿಡಿ” ಎಂದೆ. “ನನಗೆ ಬಾಯಿಪಾಠ ಆಗಿದೆ.”

“ಮುಚ್ಚೋ ಹಾಗಿಲ್ಲ, ಬೆಳಗ್ಗೆ ತೆರೆದಿದೀರಿ” ಎಂದರು ಮೇಲ್ವಿಚಾರಕರು. ಗೆರೆಯ ಮನುಷ್ಯ. “ಒಡೆಯರು ಬೇಕು.”

“ಹಾಗಾದ್ರೆ ಸದ್ಯಕ್ಕೆ ನನ್ನ ಹೆಸರು ಹಾಕಿ.”

ಬೀಗದಮ್ಮ ತಟ್ಟನೆ ನನ್ನ ಮುಂಗೈ ಹಿಡಿದರು. ಅಷ್ಟು ಬಿಗಿಯಾಗಿ ಅವರು ಯಾರನ್ನೂ ಹಿಡಿದದ್ದು ನಾನು ಕಂಡಿಲ್ಲ. “ಸದ್ಯಕ್ಕೆ ಅನ್ನಬೇಡ. ಬೇಡವಾದ್ರೆ ಬೇಡ ಅನ್ನು, ನನ್ನ ಹಣೇಲಿ ಬರೆದದ್ದು ನಾನು ನೋಡ್ಕೋತೀನಿ. ಬೇಕಾದ್ರೆ ಬೇಕು ಅನ್ನು. ಆ ಮಾತು ಮಾತ್ರ ಆಡಬೇಡ.”

ಗೋಡೆಯ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಮೇಲೆ ಒಂದು ಸ್ಟ್ರೆಚರ್ ಉರುಳಿ ಹೋಯಿತು.

“ಬೇಕು” ಎಂದೆ.

“ಗುಮಾಸ್ತರೇ ಆಗ್ಬೇಕಾ ಮೇಡಂ, ಇವರು ಆಗ್ತಾರಾ?” ಎಂದು ಮೇಲ್ವಿಚಾರಕರು ಕೇಳಿದರು.

“ಸಿಬ್ಬಂದಿ ಅಂತ ಮಾತ್ರ ಬರೆದಿದೀನಿ. ದರ್ಜೆ ಬರೆದಿಲ್ಲ” ಎಂದರು ಬೀಗದಮ್ಮ. ಎಂಟು ವರ್ಷದಲ್ಲಿ ತಮ್ಮ ನಿಯಮವನ್ನು ಅವರು ಪ್ರೀತಿಯಿಂದ ನೆನೆದದ್ದು ಅದೊಂದೇ ಸಲವಿರಬೇಕು.

ಮೇಲ್ವಿಚಾರಕರು ನನ್ನ ಪೂರ್ತಿ ಹೆಸರು ಕೇಳಿದರು. ಇಷ್ಟು ವರ್ಷ ದಿನಾ ಎದುರಿಗೆ ಓಡಾಡಿದವರು ಮೊದಲ ಸಲ ಕೇಳಿದ್ದು. ನಾಲ್ಕೂವರೆಗೆ ಬಿಡುಗಡೆ ಪತ್ರ ಕೈಗೆ ಬಂತು. ಬೀಗದಮ್ಮ ಬಾಟಲಿ, ಕನ್ನಡಕದ ಡಬ್ಬಿ ಚೀಲಕ್ಕೆ ಹಾಕಿಕೊಂಡರು, ನೋಟುಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟರು. ಬಾಗಿಲ ಬಳಿ ನಿಂತು ಗೋಡೆಯ ಮೇಲೆ ಎಂಟು ವರ್ಷದಿಂದ ಉಳಿದಿದ್ದ ಅಂಟಿನ ಕಲೆಗಳನ್ನು ನೋಡಿದರು. ಹೋಗಿಬರ್ತೀನಿ ಎನ್ನಲೂ ಇಲ್ಲ. ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಅಷ್ಟು ಬೇಗ ಬೇಗ ಕೇಳಿದ್ದೂ ಅದೇ ಮೊದಲು.

ಒಂದು ವಾರದ ಮೇಲೆ ಊಟದ ಹೊತ್ತಿಗೆ ಫೋನ್ ಬಂತು. ನಾನೂ ಜೋರಾಗಿ ಕೇಳುವಂತೆ ಮೇಜಿನ ಮೇಲಿಟ್ಟೆ.

“ಅಕ್ಕನಿಗೆ ಬೆಳಗಿನ ಬೆಳಕಲ್ಲಿ ಕಾಣುತ್ತೆ ಕಣಮ್ಮ. ಹೊಸಿಲ ಹತ್ರ ನಿಲ್ಲಿಸಿ ನೋಡಿದ್ಲು. ‘ಅಯ್ಯೋ, ನಿನಗೂ ತಲೆ ಬೆಳ್ಳಗಾಯ್ತಲ್ಲೇ’ ಅಂತ ಒಂದೇ ಸಮ ಬೈದ್ಲು, ನಾನೇ ಬೇಕಂತ ಬೆಳ್ಳಗೆ ಮಾಡ್ಕೊಂಡ ಹಾಗೆ.”

“ಅಲ್ಲಿ ಕೆಲಸ ಹೇಗಿದೆ?”

“ಇಲ್ಲಿ ಕಿಟಕಿ ಇದೆ. ಮೊದಲ ದಿನಾನೇ ಒಬ್ಬರು ಅರ್ಜಿ ಹಿಡ್ಕೊಂಡು ಬಂದ್ರು. ‘ಮೇಡಂ, ಸದ್ಯಕ್ಕೆ’ ಅಂದ್ರು.”

“ನೀವೇನಂದ್ರಿ?”

“ಐದು ಗಂಟೆ ಆಯ್ತು, ಅಕ್ಕ ಸೂಜಿ ಹಿಡ್ಕೊಂಡು ಕಾಯ್ತಿದಾಳೆ ಅಂದೆ. ಎದ್ದು ಬಂದೆ.”